ಕ್ಯಾಮೆರಾ ರಾತ್ರಿ ಮೂರು ಗಂಟೆಗೆ ಯಾರ ಹತ್ರ ಮಾತಾಡ್ತಿದೆ? ಮನೆ ನೆಟ್‌ವರ್ಕ್ ಮೇಲೆ ಸೇಫಾಗಿ ಕಣ್ಣಿಡೋದು ಹೇಗೆ

ಪ್ರಶ್ನೆ: ಸರ್, ನಾನು ಮೈಸೂರಲ್ಲಿ ಕೆಲಸದಲ್ಲಿದ್ದೀನಿ, ಅಪ್ಪ ಅಮ್ಮ ಇಬ್ರೇ ಸಾಗರದ ಹತ್ರ ಊರಲ್ಲಿದ್ದಾರೆ. ಅಂಗಳದಲ್ಲಿ ಒಣಗಿಸಿದ್ದ ಅಡಿಕೆ ಕಳುವಾದ ಮೇಲೆ ಎರಡು ವೈಫೈ ಕ್ಯಾಮೆರಾ ಹಾಕಿಸಿದ್ವಿ, ಒಂದು ಅಂಗಳಕ್ಕೆ, ಇನ್ನೊಂದು ಜಗಲಿಗೆ. ನನಗೆ ಸ್ವಲ್ಪ ಕಂಪ್ಯೂಟರ್ ಗೊತ್ತಿರೋದ್ರಿಂದ ಒಂದು ರಾಸ್ಪ್‌ಬೆರಿ ಪೈ (ಪುಟ್ಟ ಕಂಪ್ಯೂಟರ್) ತಗೊಂಡು ಅದ್ರಲ್ಲಿ ಪೈ-ಹೋಲ್ ಹಾಕಿದೆ, ಮನೆಯ ಡಿವೈಸ್‌ಗಳು ಯಾವ ಸರ್ವರ್ ವಿಳಾಸ ಕೇಳ್ತಾವೆ ಅಂತ ಬರೆದಿಟ್ಟು ಬೇಡದ್ದನ್ನ ತಡೆಯೋ ಪ್ರೋಗ್ರಾಮ್ ಅದು. ನೋಡಿದ್ರೆ ಅಂಗಳದ ಕ್ಯಾಮೆರಾ ಒಂದು ದಿನಕ್ಕೆ 4,000 ಸಲ ಯಾವ್ಯಾವುದೋ ಸರ್ವರ್ ವಿಳಾಸ ಕೇಳ್ತಿದೆ, ರಾತ್ರಿ ಮೂರು ಗಂಟೆಗೂ ಸುಮ್ಮನಿಲ್ಲ. ಗಾಬರಿಯಾಗಿ ಒಂದು ಡೊಮೈನ್ (ಸರ್ವರ್ ಹೆಸರು) ಬ್ಲಾಕ್ ಮಾಡಿದೆ, ಮಾರನೇ ದಿನ ಲೆಕ್ಕ 30,000 ದಾಟಿತ್ತು. ಆ ಸರ್ವರ್‌ಗಳ ಐಪಿ (ಅಂಕಿಯ ವಿಳಾಸ) ಹುಡುಕಿದ್ರೆ ಒಂದು ಸಿಂಗಾಪುರ, ಇನ್ನೊಂದು ಚೈನಾ ಅಂತ ತೋರಿಸ್ತಿದೆ. ಕ್ಯಾಮೆರಾ ಹಾಕಿದ ಹುಡುಗ ಪೋರ್ಟ್ ಫಾರ್ವರ್ಡ್ (ಹೊರಗಿಂದ ಮನೆಯೊಳಗಿನ ಡಿವೈಸ್‌ಗೆ ನೇರ ಬರೋಕೆ ರೂಟರ್‌ನಲ್ಲಿ ಬಾಗಿಲು ತೆರೆಯೋದು) ಮಾಡಿಕೊಡ್ತೀನಿ, ಮೈಸೂರಿಂದ್ಲೇ ಕ್ಯಾಮೆರಾನೂ ನೋಡಬಹುದು ಪೈನೂ ನೋಡಬಹುದು ಅಂತಾನೆ. ಅಪ್ಪ ಕಿತ್ತು ಬಿಸಾಕು ಅಂತಿದ್ದಾರೆ. ಕ್ಯಾಮೆರಾ ಹ್ಯಾಕ್ ಆಗಿದ್ಯಾ? ಮನೆ ನೆಟ್‌ವರ್ಕನ್ನ ದೂರದಿಂದ ಸರಿಯಾಗಿ ಗಮನಿಸೋಕೆ ಏನು ಮಾಡ್ಬೇಕು?

ಉತ್ತರ: ಮೊದಲು ಎರಡು ಮಾತು ಹೇಳಿಬಿಡ್ತೀನಿ, ಆಮೇಲೆ ವಿವರಕ್ಕೆ ಹೋಗೋಣ. ನೀವು ಬರೆದಿರೋ ಲಕ್ಷಣ ಯಾವುದೂ ಹ್ಯಾಕ್ ಆಗಿದೆ ಅನ್ನೋದಕ್ಕೆ ಸಾಕ್ಷಿ ಅಲ್ಲ, ಈ ತರದ ಕ್ಯಾಮೆರಾಗಳು ಸಾಮಾನ್ಯವಾಗಿ ಹೀಗೇ ಇರ್ತವೆ. ಎರಡನೇದು, ಆ ಹುಡುಗನಿಗೆ ಪೋರ್ಟ್ ಫಾರ್ವರ್ಡ್ ಮಾಡೋಕೆ ಬಿಡಬೇಡಿ, ಕ್ಯಾಮೆರಾಗೂ ಬೇಡ, ಪೈಗೂ ಬೇಡ. ಇವತ್ತು ಇಲ್ಲದೇ ಇರೋ ತೊಂದರೆಯನ್ನ ನಾಳೆ ಮನೆಗೆ ತರೋದು ಅದೇ. ಮನೆ ನೆಟ್‌ವರ್ಕ್ ಕಾಯೋಕೆ ಅಂತ ಇಟ್ಟ ಪೆಟ್ಟಿಗೆಯೇ ಇಂಟರ್ನೆಟ್‌ಗೆ ತೆರೆದುಕೊಂಡು ಕೂತಿರೋದನ್ನ ನನ್ನ ಕೆಲಸದಲ್ಲಿ ತುಂಬಾ ಸಲ ನೋಡಿದ್ದೀನಿ, ಸಣ್ಣ ಆಫೀಸು, ಅಪಾರ್ಟ್‌ಮೆಂಟು, ಕ್ಲಿನಿಕ್ಕು ಎಲ್ಲಾ ಕಡೆ.

ಈಗ 4,000 ಅನ್ನೋ ಲೆಕ್ಕ. ದಿನಕ್ಕೆ 4,000 ಅಂದ್ರೆ ನಿಮಿಷಕ್ಕೆ ಮೂರಕ್ಕಿಂತ ಕಮ್ಮಿ. ಆ್ಯಪ್‌ನಲ್ಲಿ ನೋಡೋ ಕ್ಯಾಮೆರಾ ತನ್ನ ಕಂಪನಿ ಸರ್ವರ್ ಜೊತೆ ಸದಾ ಒಂದು ಸಂಪರ್ಕ ಇಟ್ಕೊಂಡೇ ಇರಬೇಕು, ಇಲ್ಲಾಂದ್ರೆ ನೀವು ಮೈಸೂರಲ್ಲಿ ಆ್ಯಪ್ ತೆಗೆದಾಗ ಅದಕ್ಕೆ ಗೊತ್ತೇ ಆಗಲ್ಲ. ಆ ಸಂಪರ್ಕ ಇದ್ಯಾ ಇಲ್ವಾ ಅಂತ ಆಗಾಗ ನೋಡ್ತದೆ, ಟೈಮ್ ಸರಿ ಮಾಡ್ಕೊಳ್ಳೋಕೆ ಎನ್‌ಟಿಪಿ ಸರ್ವರ್ ಕೇಳ್ತದೆ, ಇಂಟರ್ನೆಟ್ ಇದ್ಯಾ ಅಂತ ಯಾವುದೋ ಒಂದು ದೊಡ್ಡ ವೆಬ್‌ಸೈಟ್ ವಿಳಾಸ ಕೇಳ್ತದೆ, ಹೊಸ ಫರ್ಮ್‌ವೇರ್ (ಕ್ಯಾಮೆರಾ ಒಳಗಿನ ಸಾಫ್ಟ್‌ವೇರ್) ಬಂದಿದ್ಯಾ ಅಂತ ನೋಡ್ತದೆ. ಜೊತೆಗೆ ಇಂಥ ಸಣ್ಣ ಡಿವೈಸ್‌ಗಳಲ್ಲಿ ಡಿಎನ್‌ಎಸ್ (ಸರ್ವರ್ ಹೆಸರಿಗೆ ಐಪಿ ಹುಡುಕಿಕೊಡೋ ವ್ಯವಸ್ಥೆ) ಉತ್ತರವನ್ನ ನೆನಪಿಟ್ಕೊಳ್ಳೋ ವ್ಯವಸ್ಥೆ ಎಷ್ಟೋ ಸಲ ಇರೋದೇ ಇಲ್ಲ, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳ್ತಾವೆ. ಮೊಬೈಲ್ ಅಥವಾ ಲ್ಯಾಪ್‌ಟಾಪ್ ಲೆಕ್ಕದ ಪಕ್ಕ ಇಟ್ಟು ನೋಡಿದ್ರೆ ಇದು ವಿಚಿತ್ರ ಅನ್ಸುತ್ತೆ, ಆದ್ರೆ ಅವೆರಡೂ ಒಂದೇ ಜಾತಿ ಅಲ್ಲ.

ರಾತ್ರಿ ಮೂರು ಗಂಟೆ ವಿಷಯಕ್ಕೆ, ಅಂಗಳದ ಕ್ಯಾಮೆರಾದ ಮುಂದೆ ಜೇಡರ ಬಲೆ ಇದ್ಯಾ ಅಂತ ಅಪ್ಪನಿಗೆ ಒಂದ್ಸಲ ನೋಡೋಕೆ ಹೇಳಿ. ತಮಾಷೆಗೆ ಹೇಳ್ತಿಲ್ಲ. ರಾತ್ರಿ ಕ್ಯಾಮೆರಾ ಇನ್‌ಫ್ರಾರೆಡ್ ಬೆಳಕು ಬಿಡ್ತದೆ, ಲೆನ್ಸ್ ಹತ್ರ ಹಾರೋ ಹುಳ, ಅಲ್ಲಾಡೋ ಬಲೆ, ಗಾಳಿಗೆ ಹೊಡ್ಕೊಳ್ಳೋ ಟಾರ್ಪಾಲ್ ಎಲ್ಲಾ ಅದಕ್ಕೆ ಚಲನೆ ಅಂತಲೇ ಕಾಣ್ತದೆ, ತಕ್ಷಣ ಫೋಟೋನೋ ಸಣ್ಣ ಕ್ಲಿಪ್ಪೋ ಅಪ್‌ಲೋಡ್ ಮಾಡಿ ನೋಟಿಫಿಕೇಶನ್ ಕಳಿಸ್ತದೆ. ಮಲೆನಾಡಿನ ಮಳೆಗಾಲದ ರಾತ್ರಿಲಿ ಹುಳಕ್ಕೇನು ಬರ ಹೇಳಿ. ಆ್ಯಪ್‌ನಲ್ಲಿರೋ ಮೋಶನ್ ಅಲರ್ಟ್ ಸಮಯ, ಪೈ-ಹೋಲ್ ಲಾಗ್ ಸಮಯ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ, ತಾಳೆ ಆದ್ರೆ ಆ ಭಾಗ ಅಲ್ಲಿಗೆ ಮುಗೀತು.

30,000 ಆಗಿದ್ದು ಯಾಕೆ ಅಂದ್ರೆ ನೀವು ಬ್ಲಾಕ್ ಮಾಡಿದ್ದಕ್ಕೇ. ಪೈ-ಹೋಲ್ ಬ್ಲಾಕ್ ಮಾಡಿದಾಗ ಕೊಡೋ ಸುಳ್ಳು ಉತ್ತರದ ಆಯಸ್ಸು ಡಿಫಾಲ್ಟ್ ಆಗಿ ಬರೀ 2 ಸೆಕೆಂಡ್. ಕ್ಯಾಮೆರಾ ಕೇಳ್ತದೆ, ದಾರಿ ಸಿಗಲ್ಲ, ಮತ್ತೆ ಕೇಳ್ತದೆ, ಹೀಗೆ ದಿನವಿಡೀ. ದಿನಕ್ಕೆ 86,400 ಸೆಕೆಂಡ್, ಮೂರು ಸೆಕೆಂಡಿಗೊಮ್ಮೆ ಕೇಳಿದ್ರೆ ಹತ್ರ ಹತ್ರ 29,000 ಆಯ್ತು. ಬ್ಲಾಕ್ ಮಾಡಿದ ಮೇಲೆ ಪ್ರಶ್ನೆಗಳ ಸಂಖ್ಯೆ ಏರೋದು ದಾರಿ ಸಿಗದ ಪ್ರೋಗ್ರಾಮ್‌ನ ಸಹಜ ನಡವಳಿಕೆ, ಇದನ್ನ ನೋಡಿ ಎಷ್ಟೋ ಜನ ವೈರಸ್ ತಿರುಗಿ ಬಿದ್ದಿದೆ ಅಂತ ತಿಳ್ಕೊಳ್ತಾರೆ. ಸದ್ಯಕ್ಕೆ ಆ ಬ್ಲಾಕ್ ತೆಗೆದುಬಿಡಿ. ಮಾಮೂಲಿ ದಿನ ಹೇಗಿರ್ತದೆ ಅಂತ ಗೊತ್ತಿಲ್ಲದೆ ಬ್ಲಾಕ್ ಮಾಡ್ತಾ ಹೋದ್ರೆ ನಿಮ್ಮ ಲಾಗ್ ನೀವೇ ಕೆಡಿಸ್ಕೊಂಡ ಹಾಗಾಗ್ತದೆ, ಆಮೇಲೆ ಯಾವುದು ಕ್ಯಾಮೆರಾದ ಸ್ವಭಾವ ಯಾವುದು ನಿಮ್ಮ ಬ್ಲಾಕಿನ ಪರಿಣಾಮ ಅಂತ ಬಿಡಿಸೋಕೇ ಆಗಲ್ಲ.

ಚೈನಾ, ಸಿಂಗಾಪುರ ಅಂತ ತೋರಿಸಿದ್ದರ ಬಗ್ಗೆ. ಐಪಿ ಯಾವ ದೇಶದ್ದು ಅಂತ ಹೇಳೋ ಸೈಟ್‌ಗಳು ಬಹಳ ಸಲ ಹೇಳೋದು ಆ ವಿಳಾಸ ಯಾವ ಕಂಪನಿ ಹೆಸರಲ್ಲಿ ಎಲ್ಲಿ ರಿಜಿಸ್ಟರ್ ಆಗಿದೆ ಅನ್ನೋದನ್ನ, ಮೆಷಿನ್ ನಿಜವಾಗಿ ಮುಂಬೈಯಲ್ಲಿ ಇದ್ದಿರಬಹುದು. ಕ್ಲೌಡ್ ಕಂಪನಿಗಳ ವಿಳಾಸದಲ್ಲಂತೂ ಇದು ಮಾಮೂಲು. ಹಂಗಂತ ನಿಮ್ಮ ಚಿಂತೆ ಸುಳ್ಳು ಅಂತಲ್ಲ, ಕೇಳಬೇಕಾದ ಪ್ರಶ್ನೆ ಯಾವ ದೇಶ ಅನ್ನೋದಕ್ಕಿಂತ ಎಷ್ಟು ಡೇಟಾ ಹೋಗ್ತಿದೆ ಅನ್ನೋದು. ಇದನ್ನ ಪೈ-ಹೋಲ್ ಹೇಳಲ್ಲ. ಅದಕ್ಕೆ ಕಾಣೋದು ಅಂಚೆ ಕವರ್ ಮೇಲಿನ ವಿಳಾಸ ಮಾತ್ರ, ಒಳಗೆ ಒಂದು ಸಾಲಿನ ಕಾಗದ ಇದ್ಯಾ, ಕವರ್ ತುಂಬಾ ಫೋಟೋ ಇದ್ಯಾ ಅಂತ ಗೊತ್ತಾಗಲ್ಲ. ಒಳಗಿರೋದು ಸಾಮಾನ್ಯವಾಗಿ ಎನ್‌ಕ್ರಿಪ್ಟ್ (ಗುಪ್ತಲಿಪಿ) ಆಗಿರೋದ್ರಿಂದ ಬೇರೆ ಯಾವ ಉಪಕರಣ ಹಾಕಿದ್ರೂ ವಿಷಯ ಕಾಣಲ್ಲ, ಆದ್ರೆ ತೂಕ ಕಾಣ್ತದೆ, ಅದೇ ಸಾಕು.

ಲೆಕ್ಕ ಹಾಕೋಣ. ಇಂಥ ಕ್ಯಾಮೆರಾ ಬಿಡದೆ ವಿಡಿಯೋ ಕಳಿಸ್ತಿದ್ರೆ ಕಮ್ಮಿ ಅಂದ್ರೂ 1 ಎಂಬಿಪಿಎಸ್ ಅಂತ ಇಟ್ಕೊಳ್ಳಿ. ಗಂಟೆಗೆ 450 ಎಂಬಿ, ದಿನಕ್ಕೆ 10.8 ಜಿಬಿ ಅಪ್‌ಲೋಡ್. ರೂಟರ್‌ನಲ್ಲಿ ಆ ಕ್ಯಾಮೆರಾದ ಅಪ್‌ಲೋಡ್ ದಿನಕ್ಕೆ ಕೆಲವು ಹತ್ತು ಎಂಬಿಯೋ ಒಂದೆರಡು ನೂರು ಎಂಬಿಯೋ ಇದ್ರೆ, ನಿಮ್ಮ ಅಂಗಳ ಇಪ್ಪತ್ನಾಲ್ಕು ಗಂಟೆ ಯಾರಿಗೂ ಲೈವ್ ಹೋಗ್ತಿಲ್ಲ ಅಂತ ಧೈರ್ಯವಾಗಿ ಹೇಳಬಹುದು. ಆ್ಯಪ್ ಯಾರೂ ತೆಗೆದಿಲ್ಲ, ಕ್ಲೌಡ್ ರೆಕಾರ್ಡಿಂಗ್ ಪ್ಲಾನೂ ಇಲ್ಲ, ಆದ್ರೂ ದಿನಕ್ಕೆ ಹತ್ತು ಜಿಬಿ ಹೋಗ್ತಿದೆ ಅಂದ್ರೆ ಆಗ ಕ್ಯಾಮೆರಾ ಪ್ಲಗ್ ಕಿತ್ತು ಆಮೇಲೆ ಯೋಚನೆ ಮಾಡಿ. ಕೆಲವು ರೂಟರ್‌ನಲ್ಲಿ ಪ್ರತಿ ಡಿವೈಸ್‌ನ ಲೆಕ್ಕ ಸಿಗ್ತದೆ, ಓಪನ್‌ಡಬ್ಲ್ಯೂಆರ್‌ಟಿ (ರೂಟರ್‌ಗೆ ಹಾಕೋ ಉಚಿತ ಸಾಫ್ಟ್‌ವೇರ್) ಹಾಕಿರೋ ರೂಟರ್ ಆದ್ರೆ ಅದಕ್ಕಂತಲೇ ಪ್ಯಾಕೇಜ್ ಇದೆ. ಇಂಟರ್ನೆಟ್ ಕಂಪನಿ ಕೊಟ್ಟ ಡಬ್ಬಿಯಲ್ಲಿ ಇದು ಇರೋದು ಕಮ್ಮಿ.

ಇನ್ನು ನಿಜವಾದ ಅಪಾಯ ಯಾವುದು ಅಂತ ಹೇಳ್ಬೇಕು, ಯಾಕಂದ್ರೆ ಭಯ ಪಡಬೇಕಾದ ಜಾಗ ಬೇರೆ ಇದೆ. 2016ರಲ್ಲಿ ಮಿರಾಯ್ ಅಂತ ಒಂದು ಮಾಲ್‌ವೇರ್ ಬಂತು. ಅದು ಯಾವ ದೊಡ್ಡ ವಿದ್ಯೆನೂ ಮಾಡ್ಲಿಲ್ಲ, ಇಂಟರ್ನೆಟ್‌ಗೆ ತೆರೆದಿಟ್ಟಿದ್ದ ಕ್ಯಾಮೆರಾ, ಡಿವಿಆರ್ (ಕ್ಯಾಮೆರಾ ರೆಕಾರ್ಡರ್), ರೂಟರ್ ಹುಡುಕಿ ಟೆಲ್ನೆಟ್ (ದೂರದಿಂದ ಲಾಗಿನ್ ಆಗೋ ಹಳೇ ವಿಧಾನ) ಮೂಲಕ ಫ್ಯಾಕ್ಟರಿ ಪಾಸ್‌ವರ್ಡ್ ಹಾಕಿ ನೋಡ್ತು, ಅಷ್ಟೇ. ಅದರ ಪಟ್ಟಿಯಲ್ಲಿ ಇದ್ದಿದ್ದು ಸುಮಾರು ಅರವತ್ತು ಯೂಸರ್‌ನೇಮ್-ಪಾಸ್‌ವರ್ಡ್ ಜೋಡಿ. ಅಷ್ಟರಿಂದ ಲಕ್ಷಗಟ್ಟಲೆ ಡಿವೈಸ್ ಕೈಗೆ ಬಂದು, ಆ ವರ್ಷ ಅಕ್ಟೋಬರ್ 21ಕ್ಕೆ ಅಮೆರಿಕದ ಡೈನ್ ಅನ್ನೋ ಡಿಎನ್‌ಎಸ್ ಕಂಪನಿ ಮೇಲೆ ದಾಳಿಯಾಗಿ ಟ್ವಿಟರ್, ನೆಟ್‌ಫ್ಲಿಕ್ಸ್ ಅಂಥವೇ ಗಂಟೆಗಟ್ಟಲೆ ತೊಂದರೆಗೆ ಸಿಕ್ಕಿದ್ವು. ನಮ್ಮ ಕಡೆನೂ ಆಗಿದೆ, 2017ರ ಜುಲೈನಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್‌ನ ಕರ್ನಾಟಕ ಸರ್ಕಲ್‌ನಲ್ಲಿ ಸಾವಿರಾರು ಮೋಡೆಮ್ ಮಾಲ್‌ವೇರ್‌ನಿಂದ ಕೆಟ್ಟು ನಿಂತವು, ಸಿಕ್ಕಿಬಿದ್ದಿದ್ದು ಡಿಫಾಲ್ಟ್ ಪಾಸ್‌ವರ್ಡ್ ಬದಲಾಯಿಸದೇ ಇದ್ದ ಮೋಡೆಮ್‌ಗಳು. 2025ರ ಶುರುವಲ್ಲಿ ಗುಜರಾತ್‌ನ ರಾಜ್‌ಕೋಟ್‌ನ ಆಸ್ಪತ್ರೆಯೊಂದರ ಸಿಸಿಟಿವಿ ದೃಶ್ಯ ಹೊರಗೆ ಬಂದು ಮಾರಾಟವಾದ ಸುದ್ದಿ ನೀವೂ ಓದಿರ್ತೀರಿ, ಅಲ್ಲಿ ಕ್ಯಾಮೆರಾದಲ್ಲಿ ಹೆರಿಗೆ ಆಸ್ಪತ್ರೆಯ ಹೆಣ್ಣುಮಕ್ಕಳಿದ್ರು. ನನಗೆ ಈ ಕೇಸ್ ನೆನೆಸಿಕೊಂಡ್ರೆ ಇವತ್ತಿಗೂ ಸಂಕಟ ಆಗ್ತದೆ.

ಹಾಗಾಗಿ ಮಾನಿಟರಿಂಗ್ ಅನ್ನೋದು ಎರಡನೇ ಕೆಲಸ, ಮೊದಲನೇ ಕೆಲಸ ಬೇರೆ ಇದೆ. ಕ್ಯಾಮೆರಾ ಆ್ಯಪ್ ಅಕೌಂಟ್‌ಗೆ ಬೇರೆಲ್ಲೂ ಬಳಸದ ಪಾಸ್‌ವರ್ಡ್ ಹಾಕಿ, ಎರಡು ಹಂತದ ಲಾಗಿನ್ ಇದ್ರೆ ಆನ್ ಮಾಡಿ, ಆ ಅಕೌಂಟ್ ನಿಮ್ಮ ಹೆಸರಲ್ಲಿ ಇದ್ಯಾ ಅಥವಾ ಹಾಕಿಕೊಟ್ಟ ಹುಡುಗನ ಮೊಬೈಲ್ ನಂಬರಲ್ಲಿ ಇದ್ಯಾ ಅಂತ ಇವತ್ತೇ ನೋಡಿ. ಇದನ್ನ ಒತ್ತಿ ಹೇಳ್ತಿದ್ದೀನಿ, ಊರುಗಳಲ್ಲಿ ಕ್ಯಾಮೆರಾ ಹಾಕೋರು ಸುಲಭ ಆಗ್ಲಿ ಅಂತ ತಮ್ಮ ಅಕೌಂಟಲ್ಲೇ ಸೇರಿಸಿ ಮನೆಯವರಿಗೆ ಶೇರ್ ಮಾಡಿಕೊಡೋದು ಬಹಳ ಕಡೆ ಇದೆ, ಆ ಹುಡುಗ ಒಳ್ಳೆಯವನೇ ಇರಬಹುದು, ಆದ್ರೆ ನಿಮ್ಮ ಜಗಲಿ ಅವನ ಫೋನಲ್ಲಿ ಇರೋ ಅಗತ್ಯ ಇಲ್ಲ. ಆಮೇಲೆ ಕ್ಯಾಮೆರಾ ಫರ್ಮ್‌ವೇರ್ ಅಪ್‌ಡೇಟ್ ಮಾಡಿ, ರೂಟರ್‌ನ ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಿ, ಯುಪಿಎನ್‌ಪಿ ಆಫ್ ಮಾಡಿ. ಈ ಯುಪಿಎನ್‌ಪಿ ಇದ್ರೆ ನೀವು ಪೋರ್ಟ್ ಫಾರ್ವರ್ಡ್ ಮಾಡದಿದ್ರೂ ಕ್ಯಾಮೆರಾ ತಾನೇ ರೂಟರ್‌ಗೆ ಹೇಳಿ ಪೋರ್ಟ್ ತೆಗೆಸ್ಕೊಳ್ಳಬಹುದು. ಆಫ್ ಮಾಡಿದ್ರೆ ಒಂದೆರಡು ಆಟದ ಆ್ಯಪ್‌ಗೆ ತೊಂದರೆ ಆಗಬಹುದು, ಅಪ್ಪ ಅಮ್ಮನಿಗೆ ಅದರಿಂದ ಏನೂ ಇಲ್ಲ.

ಇಲ್ಲೇ ಇನ್ನೊಂದು ತಪ್ಪು ತಿಳುವಳಿಕೆ. "ನಮ್ಮದು ಸಿಜಿನ್ಯಾಟ್, ಹೊರಗಿಂದ ಯಾರೂ ಬರೋಕಾಗಲ್ಲ" ಅಂತ ಕೆಲವರು ನಿಶ್ಚಿಂತೆಯಿಂದ ಇರ್ತಾರೆ. ರೂಟರ್‌ನ ವ್ಯಾನ್ ಐಪಿ (ಇಂಟರ್ನೆಟ್ ಕಡೆಯ ವಿಳಾಸ) 100.64ರಿಂದ 100.127ರ ಒಳಗೆ ಶುರುವಾಗಿದ್ರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ, ಅಂದ್ರೆ ಒಂದೇ ಪಬ್ಲಿಕ್ ಐಪಿಯನ್ನ ಹಲವು ಗಿರಾಕಿಗಳು ಹಂಚ್ಕೊಳ್ತಿದ್ದೀರಿ, ಆ ಹುಡುಗ ಪೋರ್ಟ್ ಫಾರ್ವರ್ಡ್ ಮಾಡಿದ್ರೂ ಅದು ಕೆಲಸವೇ ಮಾಡಲ್ಲ. ಒಂದು ಮಟ್ಟಕ್ಕೆ ಇದು ರಕ್ಷಣೆ ಹೌದು, ಆದ್ರೆ ಐಪಿವಿ6 (ಹೊಸ ತರದ ಐಪಿ ವಿಳಾಸ) ಕೂಡ ಕೊಟ್ಟಿದ್ರೆ ಆ ದಾರಿ ಬೇರೆ, ಅಲ್ಲಿ ರೂಟರ್‌ನ ಫೈರ್‌ವಾಲ್ ಆನ್ ಇದ್ಯಾ ಅಂತ ನೋಡ್ಲೇಬೇಕು. ಕ್ಯಾಮೆರಾ ತಾನಾಗಿ ಹೊರಗೆ ಹೋಗಿ ಮಾಡಿಕೊಂಡ ಸಂಪರ್ಕಕ್ಕೂ ಸಿಜಿನ್ಯಾಟ್ ಅಡ್ಡ ಬರಲ್ಲ.

ಈಗ ಪೈ-ಹೋಲ್ ವಿಷಯ. ಒಳ್ಳೆ ಆಯ್ಕೆ, ಇಟ್ಕೊಳ್ಳಿ, ಆದ್ರೆ ಅದಕ್ಕೆ ಕಾಣದೇ ಇರೋದು ಏನು ಅಂತ ಗೊತ್ತಿರ್ಲಿ. ಕೆಲವು ಕ್ಯಾಮೆರಾಗಳ ಒಳಗೆ ಡಿಎನ್‌ಎಸ್ ವಿಳಾಸ ಬರೆದೇ ಬಿಟ್ಟಿರ್ತಾರೆ, 8.8.8.8 ಅಂತಲೋ ಚೈನಾದ 114.114.114.114 ಅಂತಲೋ, ಅವು ನಿಮ್ಮ ಪೈಯನ್ನ ಕೇಳೋದೇ ಇಲ್ಲ. ಕೆಲವು ಡಿಎನ್‌ಎಸ್ ಬಿಟ್ಟು ನೇರ ಐಪಿಗೇ ಹೋಗ್ತಾವೆ. ಇನ್ನೊಂದು ನಮ್ಮ ದೇಶದ ಕನೆಕ್ಷನ್‌ಗಳಲ್ಲಿ ತುಂಬಾ ಕಾಣೋದು: ಇಂಟರ್ನೆಟ್ ಕಂಪನಿಯ ಡಬ್ಬಿ ಐಪಿವಿ6 ಮೂಲಕ ತನ್ನದೇ ಡಿಎನ್‌ಎಸ್ ಸಾರಿ ಹೇಳ್ತಾ ಇರ್ತದೆ, ನೀವು ಐಪಿವಿ4ನಲ್ಲಿ ಪೈ ವಿಳಾಸ ಕೊಟ್ಟಿದ್ರೂ ಅರ್ಧ ಡಿವೈಸ್ ಆ ಕಡೆಯಿಂದ ತಪ್ಪಿಸ್ಕೊಂಡು ಹೋಗ್ತಾವೆ. ಪೈ-ಹೋಲ್‌ನಲ್ಲಿ ಎಲ್ಲಾ ಪ್ರಶ್ನೆನೂ ರೂಟರ್ ಒಂದರಿಂದಲೇ ಬಂದ ಹಾಗೆ ಕಾಣ್ತಿದ್ರೆ ಡಿಎಚ್‌ಸಿಪಿ (ಡಿವೈಸ್‌ಗಳಿಗೆ ವಿಳಾಸ ಹಂಚೋ ವ್ಯವಸ್ಥೆ) ಸೆಟ್ಟಿಂಗ್ ಸರಿ ಇಲ್ಲ ಅಂತರ್ಥ. ನಿಮಗೆ ಅಂಗಳದ ಕ್ಯಾಮೆರಾ ಬೇರೆಯಾಗಿ ಕಾಣ್ತಿದೆ, ಅಷ್ಟರ ಮಟ್ಟಿಗೆ ಸರಿಯಾಗೇ ಹಾಕಿದ್ದೀರಿ. ಜಗಲಿ ಕ್ಯಾಮೆರಾ ಬಗ್ಗೆ ನೀವು ಏನೂ ಬರೆದಿಲ್ಲ, ಅದು ಲಾಗ್‌ನಲ್ಲಿ ಕಾಣ್ತಿದ್ಯಾ? ಹೆಚ್ಚು ಮಾತಾಡೋ ಡಿವೈಸ್‌ಗಿಂತ ಲಾಗ್‌ನಲ್ಲಿ ಬರದೇ ಇರೋ ಡಿವೈಸ್ ಬಗ್ಗೆ ನಾನು ಮೊದಲು ವಿಚಾರಿಸ್ತೀನಿ.

ಲ್ಯಾಪ್‌ಟಾಪ್‌ನಲ್ಲಿ ವೈರ್‌ಶಾರ್ಕ್ (ನೆಟ್‌ವರ್ಕ್ ಟ್ರಾಫಿಕ್ ಹಿಡಿದು ನೋಡೋ ಪ್ರೋಗ್ರಾಮ್) ಹಾಕಿದ್ರೆ ಎಲ್ಲಾ ಕಾಣ್ತದೆ ಅಂತ ಯಾರಾದ್ರೂ ಹೇಳಿದ್ರೆ ಅದೂ ಪೂರ್ತಿ ನಿಜ ಅಲ್ಲ. ವೈಫೈನಲ್ಲಿ ಪ್ರತಿ ಡಿವೈಸ್‌ಗೂ ಬೇರೆ ಕೀ ಇರ್ತದೆ, ಸ್ವಿಚ್‌ನಲ್ಲಿ ನಿಮ್ಮ ಪೋರ್ಟ್‌ಗೆ ನಿಮ್ಮ ಟ್ರಾಫಿಕ್ ಮಾತ್ರ ಬರ್ತದೆ. ಕ್ಯಾಮೆರಾ ಟ್ರಾಫಿಕ್ ನೋಡ್ಬೇಕು ಅಂದ್ರೆ ಅದು ಹಾದುಹೋಗೋ ಜಾಗದಲ್ಲೇ ನಿಂತ್ಕೊಳ್ಳಬೇಕು, ಅಂದ್ರೆ ರೂಟರ್‌ನಲ್ಲಿ.

ಇದಕ್ಕೆ ನಿಮ್ಮ ಮುಂದೆ ಮೂರು ದಾರಿ ಇದೆ ಅಂತ ನನಗೆ ಅನ್ಸೋದು. ತೀರಾ ಸುಲಭದ್ದು, ಈಗಿರೋ ಡಬ್ಬಿಯಲ್ಲೇ ಗೆಸ್ಟ್ ವೈಫೈ ಆನ್ ಮಾಡಿ ಎರಡೂ ಕ್ಯಾಮೆರಾ ಅಲ್ಲಿಗೆ ಹಾಕೋದು. ಖರ್ಚಿಲ್ಲ, ಕ್ಯಾಮೆರಾ ಕೆಟ್ಟರೂ ಅಪ್ಪನ ಫೋನ್, ಅದರಲ್ಲಿರೋ ಬ್ಯಾಂಕ್ ಆ್ಯಪ್ ಇರೋ ನೆಟ್‌ವರ್ಕ್ ಮುಟ್ಟೋಕಾಗಲ್ಲ. ತೊಂದರೆ ಏನಂದ್ರೆ ಎಷ್ಟೋ ಡಬ್ಬಿಯಲ್ಲಿ ಗೆಸ್ಟ್‌ನಲ್ಲಿರೋ ಡಿವೈಸ್ ಪೈಯನ್ನೂ ಮುಟ್ಟೋಕಾಗಲ್ಲ, ಹಾಗಾಗಿ ಲಾಗ್ ಸಿಗಲ್ಲ, ಮನೆಯಲ್ಲೇ ಕೂತು ಕ್ಯಾಮೆರಾ ನೋಡಿದ್ರೂ ದೃಶ್ಯ ಹೊರಗೆ ಹೋಗಿ ವಾಪಸ್ ಬರಬಹುದು.

ಎರಡನೇದು ನಾನು ನಿಮಗೆ ಹೇಳೋದು. ಕಂಪನಿ ಡಬ್ಬಿಯ ಹಿಂದೆ ನಿಮ್ಮದೇ ಒಂದು ಓಪನ್‌ಡಬ್ಲ್ಯೂಆರ್‌ಟಿ ಓಡೋ ರೂಟರ್ ಇಡಿ. ಅದರಲ್ಲಿ ಮನೆಗೆ ಒಂದು ವೈಫೈ, ಕ್ಯಾಮೆರಾಗೆ ಇನ್ನೊಂದು ವೈಫೈ ಮಾಡಿ. ಕಂಪನಿ ಡಬ್ಬಿಯ ಸ್ವಂತ ವೈಫೈ ಆಫ್ ಮಾಡೋದು ಮರೀಬೇಡಿ, ಇಲ್ಲಾಂದ್ರೆ ಯಾವುದೋ ಫೋನ್ ಅದಕ್ಕೇ ಕನೆಕ್ಟ್ ಆಗಿ ಕೂತಿರ್ತದೆ. ಕ್ಯಾಮೆರಾ ನೆಟ್‌ವರ್ಕ್‌ನಿಂದ ಮನೆ ನೆಟ್‌ವರ್ಕ್‌ಗೆ ಹೋಗೋಕೆ ಬಿಡಬೇಡಿ, ಮನೆಯಿಂದ ಕ್ಯಾಮೆರಾಗೆ ಹೋಗಬಹುದು, ಪೈಗೆ ಡಿಎನ್‌ಎಸ್ ಕೇಳೋಕೆ ಮಾತ್ರ ಕ್ಯಾಮೆರಾಗೆ ಅನುಮತಿ ಕೊಡಿ. 53ನೇ ಪೋರ್ಟ್‌ಗೆ (ಡಿಎನ್‌ಎಸ್ ಬಾಗಿಲು) ಹೋಗೋ ಪ್ರಶ್ನೆ ಯಾರಿಗೆ ಹೋಗ್ತಿದ್ರೂ ಪೈಗೇ ತಿರುಗಿಸಿ, ಆಗ ಆ 8.8.8.8 ಕಥೆನೂ ಮುಗೀತು. ಕ್ಯಾಮೆರಾದ್ದೇ ಬೇರೆ ನೆಟ್‌ವರ್ಕ್ ಆಗಿರೋದ್ರಿಂದ ಆ ಇಂಟರ್‌ಫೇಸ್‌ನ ಒಟ್ಟು ಅಪ್‌ಲೋಡ್ ನೋಡಿದ್ರೇ ಮೇಲೆ ಹೇಳಿದ ತೂಕದ ಲೆಕ್ಕ ಸಿಗ್ತದೆ. ಆ ಲೆಕ್ಕವನ್ನ ಪೈಗೆ ತರೋಕೆ ಎಸ್‌ಎನ್‌ಎಂಪಿ (ರೂಟರ್‌ನಂಥ ಡಿವೈಸ್‌ಗಳ ಲೆಕ್ಕ ದೂರದಿಂದ ಓದೋ ವಿಧಾನ) ಬಳಸೋದಾದ್ರೆ ವರ್ಷನ್ 3 ಮಾತ್ರ, ಪಾಸ್‌ವರ್ಡ್ ಮತ್ತು ಎನ್‌ಕ್ರಿಪ್ಶನ್ ಎರಡೂ ಹಾಕಿ. ಹಳೇ ವರ್ಷನ್‌ಗಳಲ್ಲಿ ಗುಟ್ಟಿನ ಪದ ತಂತಿ ಮೇಲೆ ಹಾಗೇ ಬರೀ ಅಕ್ಷರದಲ್ಲಿ ಹೋಗ್ತದೆ, ಅದೂ ಬಹಳ ಕಡೆ "ಪಬ್ಲಿಕ್" ಅಂತಲೇ ಇರ್ತದೆ. ಈ ದಾರಿಯಲ್ಲಿರೋ ಕಷ್ಟ ಅಂದ್ರೆ ಏನಾದ್ರೂ ಕೆಟ್ಟರೆ ಸರಿ ಮಾಡೋರು ನೀವೊಬ್ರೇ, ನೀವಿರೋದು ಮೈಸೂರಲ್ಲಿ. ಅದಕ್ಕೇ ಸೆಟ್ಟಿಂಗ್ ಎಲ್ಲಾ ಮುಗಿದ ಮೇಲೆ ರೂಟರ್ ಬ್ಯಾಕಪ್ ಫೈಲ್ ತಗೊಂಡು, ಡಬ್ಬಿ ಮೇಲೆ "ಇದನ್ನ ಆಫ್ ಮಾಡಿ ಆನ್ ಮಾಡಿ, ಹಿಂದಿನ ಸಣ್ಣ ಬಟನ್ ಒತ್ತಬೇಡಿ" ಅಂತ ಚೀಟಿ ಅಂಟಿಸಿ ಬನ್ನಿ.

ಮೂರನೇದು ಕ್ಯಾಮೆರಾಗೆ ಇಂಟರ್ನೆಟ್ಟೇ ಕೊಡದೇ ಇರೋದು. ಮನೆಯೊಳಗೇ ಒಂದು ರೆಕಾರ್ಡರ್ ಇಟ್ಟು ಅದಕ್ಕೆ ರೆಕಾರ್ಡ್ ಮಾಡೋದು, ಹೊರಗಿಂದ ನೋಡ್ಬೇಕಾದ್ರೆ ವಿಪಿಎನ್ (ಇಂಟರ್ನೆಟ್ ಮೇಲಿನ ಗುಪ್ತ ಸುರಂಗ) ಮೂಲಕ ಮನೆ ನೆಟ್‌ವರ್ಕ್‌ಗೆ ಬರೋದು. ಗುಟ್ಟಿನ ದೃಷ್ಟಿಯಿಂದ ಇದಕ್ಕಿಂತ ಚೆನ್ನಾಗಿರೋದು ಇಲ್ಲ. ಆದ್ರೆ ಅದಕ್ಕೆ ಆನ್‌ವಿಫ್ ಅಥವಾ ಆರ್‌ಟಿಎಸ್‌ಪಿ (ಬೇರೆ ಕಂಪನಿಯ ರೆಕಾರ್ಡರ್‌ಗೂ ವಿಡಿಯೋ ಕೊಡೋ ವಿಧಾನಗಳು) ಇರೋ ಕ್ಯಾಮೆರಾ ಬೇಕು, ಆ್ಯಪ್‌ನಿಂದ ಮಾತ್ರ ಓಡೋ ಅಗ್ಗದ ಕ್ಯಾಮೆರಾಗಳಲ್ಲಿ ಎಷ್ಟೋ ಸಲ ಅದಿಲ್ಲ. ಮೊಬೈಲ್‌ಗೆ ಬರ್ತಿದ್ದ ಮೋಶನ್ ಅಲರ್ಟ್ ನಿಂತುಹೋಗ್ತದೆ, ಕ್ಯಾಮೆರಾ ಗಡಿಯಾರ ಹಿಂದೆ ಮುಂದೆ ಆಗ್ತದೆ, ಅದಕ್ಕೆ ಪೈಯಲ್ಲೇ ಎನ್‌ಟಿಪಿ ಓಡಿಸಬೇಕು. ಅಡಿಕೆ ಕದಿಯೋಕೆ ಬಂದವ್ರು ರೆಕಾರ್ಡರ್‌ನೇ ಎತ್ಕೊಂಡು ಹೋಗೋ ಸಾಧ್ಯತೆನೂ ಇದೆ, ಒಳಗಿನ ಕೋಣೆಯಲ್ಲಿ ಇಡಬೇಕಾಗ್ತದೆ. ಸದ್ಯಕ್ಕೆ ನಿಮಗೆ ಇದು ಬೇಡ, ಮುಂದೆ ಕ್ಯಾಮೆರಾ ಬದಲಾಯಿಸೋವಾಗ ಯೋಚನೆ ಮಾಡಿ. ಆಗ ಇನ್ನೊಂದು ನೋಡ್ಕೊಳ್ಳಿ, 2025ರ ಏಪ್ರಿಲ್‌ನಿಂದ ಭಾರತದಲ್ಲಿ ಮಾರೋ ಸಿಸಿಟಿವಿ ಕ್ಯಾಮೆರಾಗೆ ಸುರಕ್ಷತೆಯ ಪರೀಕ್ಷೆ ಕಡ್ಡಾಯ ಆಗಿದೆ, ಎಸ್‌ಟಿಕ್ಯೂಸಿ ಅನ್ನೋ ಸರ್ಕಾರಿ ವಿಭಾಗ ಇದನ್ನ ನೋಡ್ಕೊಳ್ತದೆ. ಅಂಗಡಿಯವರನ್ನ ಕೇಳಿ, ಹಳೇ ಸ್ಟಾಕ್ ಕೊಟ್ಟು ಕಳಿಸೋಕೆ ಬಿಡಬೇಡಿ. ಸರ್ಟಿಫಿಕೇಟ್ ಇದ್ದ ಮಾತ್ರಕ್ಕೆ ನಿಮ್ಮ ಪಾಸ್‌ವರ್ಡ್ ತಾನೇ ಬದಲಾಗಲ್ಲ ಅನ್ನೋದೂ ನೆನಪಿರ್ಲಿ, ನಮ್ಮ ದೇಶದ ಬ್ರ್ಯಾಂಡ್ ಆದ್ರೂ ಅಷ್ಟೇ.

ಇನ್ನು ಪೈ ಸುರಕ್ಷತೆ. ಮನೆಯವರು ಯಾವಾಗ ಯಾವ ಸೈಟ್‌ಗೆ ಹೋಗ್ತಾರೆ ಅಂತ ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಗೊತ್ತಿರೋದು ಅದಕ್ಕೇ, ಹಾಗಾಗಿ ಕ್ಯಾಮೆರಾಗಿಂತ ಜಾಸ್ತಿ ಜೋಪಾನ ಮಾಡ್ಬೇಕಾದ್ದೂ ಅದನ್ನೇ. ಹಳೇ ರಾಸ್ಪ್‌ಬೆರಿ ಪೈ ಓಎಸ್‌ನಲ್ಲಿ "ಪೈ" ಯೂಸರ್, "ರಾಸ್ಪ್‌ಬೆರಿ" ಪಾಸ್‌ವರ್ಡ್ ಅಂತ ಎಲ್ಲರಿಗೂ ಗೊತ್ತಿದ್ದ ಜೋಡಿ ಇರ್ತಿತ್ತು, 2022ರ ಏಪ್ರಿಲ್‌ನಲ್ಲಿ ಅದನ್ನ ತೆಗೆದ್ರು. ಹಳೇ ಕಾರ್ಡ್ ಇಮೇಜ್ ಹಾಕಿದ್ರೆ ಇನ್ನೂ ಇರಬಹುದು, ನೋಡಿ. ಎಸ್‌ಎಸ್‌ಎಚ್‌ಗೆ (ದೂರದಿಂದ ಪೈಗೆ ಲಾಗಿನ್ ಆಗೋ ದಾರಿ) ಪಾಸ್‌ವರ್ಡ್ ಲಾಗಿನ್ ನಿಲ್ಲಿಸಿ ಕೀ ಫೈಲ್ ಮಾತ್ರ ಇಡಿ. ಸೆಕ್ಯುರಿಟಿ ಅಪ್‌ಡೇಟ್ ತಾನಾಗಿ ಬರೋ ಹಾಗೆ ಮಾಡಿ, ನೀವು ಊರಿಗೆ ಹೋದಾಗ ಮಾಡ್ತೀನಿ ಅಂತ ಬಿಟ್ರೆ ಅದು ಹಬ್ಬಕ್ಕೆ ಹಬ್ಬಕ್ಕೆ ಮಾತ್ರ ಆಗ್ತದೆ. ಪೈ-ಹೋಲ್‌ನ 53ನೇ ಪೋರ್ಟ್ ಯಾವ ಕಾರಣಕ್ಕೂ ಇಂಟರ್ನೆಟ್ ಕಡೆಗೆ ತೆರೀಬೇಡಿ, ತೆರೆದ್ರೆ ಕೆಲವೇ ಸಮಯದಲ್ಲಿ ಯಾರೋ ಅದನ್ನ ಹುಡುಕಿ ಬೇರೆಯವರ ಮೇಲೆ ದಾಳಿ ಮಾಡೋಕೆ ನಿಮ್ಮ ಮನೆ ಲೈನ್ ಬಳಸ್ತಾರೆ, ಸಣ್ಣ ಪ್ರಶ್ನೆಗೆ ದೊಡ್ಡ ಉತ್ತರ ಕಳಿಸೋ ಡಿಎನ್‌ಎಸ್ ಗುಣವನ್ನೇ ಅವರು ಉಪಯೋಗಿಸ್ಕೊಳ್ಳೋದು.

ಮೈಸೂರಿಂದ ನೋಡೋಕೆ ವಿಪಿಎನ್ ಮಾಡ್ಕೊಳ್ಳಿ. ಪಬ್ಲಿಕ್ ಐಪಿ ಇದ್ರೆ ಪೈ ಅಥವಾ ರೂಟರ್ ಮೇಲೆ ನೇರ ವೈರ್‌ಗಾರ್ಡ್ ಅನ್ನೋ ವಿಪಿಎನ್ ಹಾಕಿ. ಅದಕ್ಕೂ ಒಂದು ಯುಡಿಪಿ ಪೋರ್ಟ್ ತೆರೀಬೇಕು, ನಾನು ಬೇಡ ಅಂದಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ ಅಂತ ಕೇಳ್ತೀರಿ. ವೈರ್‌ಗಾರ್ಡ್ ಸರಿಯಾದ ಕೀ ಇಲ್ಲದೆ ಬಂದ ಯಾವ ಪ್ಯಾಕೆಟ್‌ಗೂ ಉತ್ತರವನ್ನೇ ಕೊಡಲ್ಲ, ಹೊರಗಿಂದ ಹುಡುಕೋನಿಗೆ ಅಲ್ಲಿ ಏನೋ ಇದೆ ಅಂತಲೇ ಗೊತ್ತಾಗಲ್ಲ. ಕ್ಯಾಮೆರಾದ ಲಾಗಿನ್ ಪೇಜ್ ಹಾಗಲ್ಲ, ಬಂದವರಿಗೆಲ್ಲಾ ತನ್ನ ಮಾಡೆಲ್ ಏನು ಅಂತ ಹೇಳ್ಕೊಂಡು ಪಾಸ್‌ವರ್ಡ್ ಕೇಳ್ತದೆ. ಸಿಜಿನ್ಯಾಟ್ ಇದ್ರೆ ಟೇಲ್‌ಸ್ಕೇಲ್ ಅಂಥದ್ದು ಸುಲಭ, ಅದೂ ಒಳಗೆ ವೈರ್‌ಗಾರ್ಡೇ, ಎರಡೂ ಕಡೆಯಿಂದ ಹೊರಗೆ ಹೋಗಿ ಭೇಟಿ ಆಗೋದ್ರಿಂದ ಪೋರ್ಟ್ ತೆರೆಯೋ ಪ್ರಮೇಯವೇ ಬರಲ್ಲ. ಅಲ್ಲಿರೋ ರಿಸ್ಕ್ ನೀವು ಲಾಗಿನ್ ಆಗೋ ಇಮೇಲ್ ಅಕೌಂಟ್, ಅದು ಬೇರೆಯವರ ಕೈಗೆ ಹೋದ್ರೆ ಮನೆ ನೆಟ್‌ವರ್ಕ್ ಹೋದ ಹಾಗೇ, ಅದಕ್ಕೆ ಎರಡು ಹಂತದ ಲಾಗಿನ್ ಕಡ್ಡಾಯ ಅಂತ ಇಟ್ಕೊಳ್ಳಿ.

ಅಲರ್ಟ್ ಎಷ್ಟು ಬೇಕು? ಕಮ್ಮಿ ಬೇಕು. ಆಫೀಸ್ ನೆಟ್‌ವರ್ಕ್‌ಗಳಲ್ಲಿ ದಿನಕ್ಕೆ ನೂರಾರು ಅಲರ್ಟ್ ಬರೋ ಕಡೆ ಯಾರೂ ಒಂದನ್ನೂ ಓದಲ್ಲ, ಇದು ನಾನು ಪದೇ ಪದೇ ಕಂಡಿರೋದು. ನಿಮಗೆ ಮೆಸೇಜ್ ಬರಬೇಕಾದ್ದು: ನೆಟ್‌ವರ್ಕ್‌ಗೆ ಹೊಸ ಡಿವೈಸ್ ಬಂದ್ರೆ, ಕ್ಯಾಮೆರಾ ಹದಿನೈದು ನಿಮಿಷ ಕಾಣದೇ ಹೋದ್ರೆ, ಕ್ಯಾಮೆರಾ ನೆಟ್‌ವರ್ಕ್‌ನ ಅಪ್‌ಲೋಡ್ ಮಾಮೂಲಿಗಿಂತ ತುಂಬಾ ಏರಿದ್ರೆ, ಕ್ಯಾಮೆರಾ ಮನೆ ಒಳಗಿನ ಬೇರೆ ಡಿವೈಸ್ ಮುಟ್ಟೋಕೆ ನೋಡಿದ್ರೆ. ಈ ಕೊನೇದು ಬಹಳ ಮುಖ್ಯ, ಕ್ಯಾಮೆರಾಗೆ ಅಪ್ಪನ ಫೋನ್ ಹತ್ರ ಏನು ಕೆಲಸ? ಫೈರ್‌ವಾಲ್ ತಡೆದಿದ್ದನ್ನ ಲಾಗ್ ಮಾಡೋಕೆ ಹೇಳಿದ್ರೆ ಇದು ಸಿಗ್ತದೆ. ಸುರಿಕಾಟಾ, ಝೀಕ್ ತರದ, ನೆಟ್‌ವರ್ಕ್‌ನಲ್ಲಿ ದಾಳಿ ಪತ್ತೆ ಹಚ್ಚೋ ದೊಡ್ಡ ಉಪಕರಣಗಳ ಬಗ್ಗೆ ಓದಿ ಆಸೆ ಆಗಬಹುದು, ಕಲಿಯೋಕೆ ಚೆನ್ನಾಗಿದೆ, ಎರಡು ಕ್ಯಾಮೆರಾದ ಮನೆಗೆ ಅವು ಹೆಚ್ಚಾಯ್ತು.

ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟ್ ಹೇಗೆ ಅಂತ ನಾನು ಹೇಳ್ಬೇಕಾಗಿಲ್ಲ. ದಿನಕ್ಕೆ ನಾಲ್ಕು ಸಲ ಪಟ್ ಅಂತ ಹೋದ್ರೆ ಪೈಯ ಎಸ್‌ಡಿ ಕಾರ್ಡ್ ಬೇಗ ಕೆಡ್ತದೆ, ಲಾಗ್ ಬರೀತಾ ಇರೋವಾಗ ಹೋದ್ರಂತೂ ಕೇಳೋದೇ ಬೇಡ. ರೂಟರ್‌ಗೂ ಪೈಗೂ ಸೇರಿ ಒಂದು ಸಣ್ಣ ಯುಪಿಎಸ್ ಇಡಿ, ಲಾಗ್ ಮೆಮೊರಿಯಲ್ಲಿ ಇಟ್ಟು ಆಗಾಗ ಕಾರ್ಡ್‌ಗೆ ಬರೆಯೋ ಹಾಗೆ ಮಾಡಿ, ಇನ್ನೊಂದು ಕಾರ್ಡ್‌ನಲ್ಲಿ ಪೂರ್ತಿ ಕಾಪಿ ಮಾಡಿ ಅಮ್ಮನ ಹತ್ರ ಕೊಟ್ಟಿಡಿ. ಪೈ 4ರ ತನಕದ ಮಾಡೆಲ್‌ಗಳಲ್ಲಿ ಗಡಿಯಾರದ ಬ್ಯಾಟರಿನೇ ಇಲ್ಲ, ಪೈ 5ರಲ್ಲೂ ಬ್ಯಾಟರಿ ಬೇರೆ ತಗೊಂಡು ಹಾಕ್ಬೇಕು. ಕರೆಂಟ್ ಬಂದ ತಕ್ಷಣದ ಕೆಲವು ಸಾಲುಗಳ ಸಮಯ ತಪ್ಪಿರ್ತದೆ, ಅದನ್ನ ನೋಡಿ ರಾತ್ರಿ ಯಾರೋ ಏನೋ ಮಾಡಿದ್ರು ಅಂದ್ಕೋಬೇಡಿ. ಪೈ ನಿಂತುಹೋದ್ರೆ ಮನೆಯ ಇಂಟರ್ನೆಟ್ಟೇ ಹೋದ ಹಾಗೆ ಕಾಣ್ತದೆ ಅನ್ನೋದನ್ನೂ ಮನೆಯವರಿಗೆ ಮೊದಲೇ ಹೇಳಿಡಿ.

ಹೇಳೋದು ಅಂದಾಗ ಇನ್ನೊಂದು. ಪೈ-ಹೋಲ್ ಲಾಗ್‌ನಲ್ಲಿ ಕ್ಯಾಮೆರಾ ಜೊತೆ ಅಪ್ಪ ಅಮ್ಮನ ಫೋನ್, ಬಂದ ನೆಂಟರ ಫೋನ್ ಎಲ್ಲಾ ಬರ್ತದೆ. ಅಮ್ಮ ಯಾವ ಕಾಯಿಲೆ ಬಗ್ಗೆ ಹುಡುಕಿದ್ರು ಅಂತ ನಿಮಗೆ ಗೊತ್ತಾಗೋದು ಅವರಿಗೆ ಇಷ್ಟ ಇರಲಿಕ್ಕಿಲ್ಲ. ಕ್ಯಾಮೆರಾಗಳನ್ನ ಬಿಟ್ಟು ಮಿಕ್ಕ ಡಿವೈಸ್‌ಗಳ ಪ್ರಶ್ನೆ ಲಾಗ್ ಆಗದ ಹಾಗೆ ಮಾಡಿ, ಹಳೇ ಲಾಗ್ ಒಂದು ತಿಂಗಳಿಗೆ ಅಳಿಸೋ ಹಾಗೆ ಇಡಿ, ಏನು ಮಾಡಿದ್ದೀನಿ ಅಂತ ಇಬ್ಬರಿಗೂ ಕೂರಿಸಿ ಹೇಳಿ. ಜಗಲಿಯ ಕ್ಯಾಮೆರಾ ಬೇಕೇ ಅಂತಲೂ ಅವರನ್ನೇ ಕೇಳಿ. ಅಪ್ಪ ಕಿತ್ತು ಬಿಸಾಕು ಅಂದಿದ್ದಕ್ಕೆ ಅರ್ಥ ಇದೆ, ಜನ ಕೂತು ಮಾತಾಡೋ ಜಾಗ ಅದು. ನನ್ನ ಮಾತು ಕೇಳಿದ್ರೆ ಅದನ್ನ ಅಡಿಕೆ ದಾಸ್ತಾನಿನ ಕೋಣೆ ಬಾಗಿಲಿಗೆ ತಿರುಗಿಸಿ, ಎರಡರದ್ದೂ ಮೈಕ್ ಆಫ್ ಮಾಡಿ. ಅಂಗಳದ್ದು ಇರ್ಲಿ.

ಮುಂದೆ ಯಾವತ್ತಾದ್ರೂ ಲೆಕ್ಕ ನಿಜವಾಗಿ ತಪ್ಪಿದ್ರೆ, ಅಂದ್ರೆ ಅಪ್‌ಲೋಡ್ ಗಿಗಾಬೈಟ್‌ಗಟ್ಟಲೆ ಏರಿದ್ರೆ, ಕ್ಯಾಮೆರಾ ತಾನೇ ತಿರುಗಿದ್ರೆ, ಅದು 23ನೇ ಪೋರ್ಟ್‌ನಲ್ಲಿ (ಮೇಲೆ ಹೇಳಿದ ಟೆಲ್ನೆಟ್ ಬಾಗಿಲು) ಹೊರಗಿನ ಡಿವೈಸ್‌ಗಳನ್ನೆಲ್ಲಾ ಹುಡುಕೋಕೆ ಶುರು ಮಾಡಿದ್ರೆ, ಮೊದಲು ಕ್ಯಾಮೆರಾದ ಪ್ಲಗ್ ಕೀಳೋಕೆ ಅಪ್ಪನಿಗೆ ಫೋನ್ ಮಾಡಿ. ಮಿರಾಯ್ ತರದ್ದು ಮೆಮೊರಿಯಲ್ಲಿ ಮಾತ್ರ ಇರ್ತದೆ, ಆಫ್ ಮಾಡಿದ್ರೆ ಹೋಗ್ತದೆ, ಆದ್ರೆ ಅದೇ ಪಾಸ್‌ವರ್ಡ್‌ನಲ್ಲಿ ಮತ್ತೆ ಆನ್ ಮಾಡಿದ್ರೆ ನಿಮಿಷಗಳಲ್ಲಿ ವಾಪಸ್ ಬರಬಹುದು. ಹಾಗಾಗಿ ಫ್ಯಾಕ್ಟರಿ ರೀಸೆಟ್, ಹೊಸ ಫರ್ಮ್‌ವೇರ್, ಹೊಸ ಪಾಸ್‌ವರ್ಡ್ ಇಷ್ಟೂ ಆಗೋ ತನಕ ಅದಕ್ಕೆ ಇಂಟರ್ನೆಟ್ ಕೊಡಬೇಡಿ. ಆ ದಿನದ ಲಾಗ್ ಅಳಿಸೋಕೆ ಮೊದಲು ಒಂದು ಕಾಪಿ ಮೈಸೂರಿಗೆ ತರಿಸ್ಕೊಳ್ಳಿ. ಮನೆ ದೃಶ್ಯ ಯಾರ ಕೈಗೋ ಹೋಗಿದೆ ಅಥವಾ ಯಾರಾದ್ರೂ ದುಡ್ಡು ಕೇಳಿ ಹೆದರಿಸ್ತಿದ್ದಾರೆ ಅಂದ್ರೆ ಸರ್ಕಾರದ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದೂರು ಕೊಡಿ, ದುಡ್ಡು ಹೋಗಿದ್ರೆ 1930ಕ್ಕೆ ತಕ್ಷಣ ಫೋನ್ ಮಾಡಿ, ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಗೂ ಹೋಗಬಹುದು. ಯಾವ ಡಿವೈಸ್, ಯಾವ ದಿನ, ಎಷ್ಟು ಗಂಟೆಗೆ, ಯಾವ ಐಪಿಗೆ ಅಂತ ಬರೆದು ಕೊಟ್ರೆ ಅವರಿಗೆ ಕೆಲಸ ಶುರು ಮಾಡೋಕೆ ಆಧಾರ ಸಿಗ್ತದೆ.